ಜಾಲತಾಣ ವಿಷಯ ಪರಿಷ್ಕರಣೆ

ಜಾಲತಾಣ ವಿಷಯ ಪರಿಷ್ಕರಣೆ ಎಂದರೆ ಈಗಾಗಲೇ ಪ್ರಕಟವಾಗಿರುವ ಜಾಲತಾಣವೊಂದರ ಪಠ್ಯ, ಚಿತ್ರ, ಕೊಂಡಿ, ದಿನಾಂಕ ಹಾಗೂ ಸಂಪರ್ಕ ವಿವರಗಳನ್ನು ಕಾಲಕಾಲಕ್ಕೆ ತಿದ್ದಿ ವಾಸ್ತವ ಸ್ಥಿತಿಗೆ ಹೊಂದಿಸುವ ಕೆಲಸ. ಇದನ್ನು ಸಂಸ್ಥೆಯ ಸಿಬ್ಬಂದಿಯೇ ಮಾಡಬಹುದು. ಸಣ್ಣ ಊರುಗಳಲ್ಲಿ ಬಹುಮಟ್ಟಿಗೆ ವಾರ್ಷಿಕ ನಿರ್ವಹಣಾ ಒಪ್ಪಂದದ ಮೇಲೆ ಹೊರಗಿನ ವಿನ್ಯಾಸಕರು ಮಾಡುತ್ತಾರೆ. ಗ್ರಾಹಕರು ಕಳುಹಿಸಿದ ಹೊಸ ವಾಕ್ಯವನ್ನು ಹಳೆಯ ವಾಕ್ಯದ ಜಾಗದಲ್ಲಿ ಅಂಟಿಸಿದರೆ ಕೇಳಿದ ಕೆಲಸವೇನೋ ಮುಗಿಯುತ್ತದೆ. ಅದೇ ಸಂದರ್ಭದಲ್ಲಿ ಆ ಪುಟದ ಸುತ್ತಮುತ್ತಲಿನ ತಪ್ಪು, ಕೊರತೆ ಮತ್ತು ಹಳತಾದ ಸಂಗತಿಗಳನ್ನು ಗುರುತಿಸಿ ಸರಿಪಡಿಸುವುದನ್ನು ಪರಿಷ್ಕರಣೆಯಲ್ಲಿನ ಮೌಲ್ಯವರ್ಧನೆ ಎನ್ನಬಹುದು. ಈ ಲೇಖನವು ಅದರ ವಿಧಾನವನ್ನು ಮುಖ್ಯವಾಗಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಉದಾಹರಣೆಗಳ ಮೂಲಕ ವಿವರಿಸುತ್ತದೆ. 2010ರಿಂದ ಈಚೆಗೆ ಜಿಲ್ಲೆಯ ಹೆಸರು, ತಾಲ್ಲೂಕುಗಳ ಗಡಿ, ಹೆದ್ದಾರಿಯ ಸಂಖ್ಯೆ ಮುಂತಾದ ಮೂಲಭೂತ ವಿವರಗಳೇ ಬದಲಾಗಿರುವುದರಿಂದ ಪರಿಷ್ಕರಣೆಯ ಅಗತ್ಯವನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

ಸ್ವರೂಪ

ಜಾಲತಾಣವು ಮುದ್ರಿತ ಪುಸ್ತಕದಂತಲ್ಲ. ಪುಸ್ತಕದ ಮೇಲೆ ಮುದ್ರಣದ ವರ್ಷ ಇರುತ್ತದೆ. ಓದುಗನು ಅದನ್ನು ನೋಡಿ ಮಾಹಿತಿಯ ವಯಸ್ಸನ್ನು ಅಂದಾಜು ಮಾಡುತ್ತಾನೆ. ಜಾಲಪುಟವು ತೆರೆದಾಗಲೆಲ್ಲ ಇಂದಿನದೇ ಎಂಬಂತೆ ಕಾಣುತ್ತದೆ. ಆದುದರಿಂದ ಹತ್ತು ವರ್ಷಗಳ ಹಿಂದಿನ ಶುಲ್ಕ, ವರ್ಗವಾಗಿ ಹೋದ ಅಧಿಕಾರಿಯ ಹೆಸರು ಅಥವಾ ಸ್ಥಗಿತಗೊಂಡ ದೂರವಾಣಿ ಸಂಖ್ಯೆ ಅಲ್ಲಿ ಉಳಿದುಕೊಂಡರೆ ಓದುಗನು ಅದನ್ನೇ ನಂಬಿ ನಡೆಯುತ್ತಾನೆ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವವರಿಗೆ ಒಂದು ತಪ್ಪು ವಿಳಾಸವೆಂದರೆ ಒಂದು ದಿನದ ಕೂಲಿ ಮತ್ತು ಬಸ್ಸಿನ ದರದ ನಷ್ಟ.

ಸರ್ಕಾರಿ ಕಚೇರಿಗಳ ಮಟ್ಟಿಗೆ ಪರಿಷ್ಕರಣೆಯು ಕೇವಲ ಸೌಜನ್ಯದ ವಿಷಯವಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಬಿ) ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ರಚನೆ, ಕರ್ತವ್ಯ, ಅಧಿಕಾರಿಗಳ ವಿವರ, ಆಯವ್ಯಯ, ಫಲಾನುಭವಿ ಯೋಜನೆಗಳು ಮುಂತಾದ 17 ಬಾಬುಗಳನ್ನು ತಾನಾಗಿಯೇ ಪ್ರಕಟಿಸಬೇಕೆಂದೂ ಅವುಗಳನ್ನು ಪ್ರತಿ ವರ್ಷ ಪರಿಷ್ಕರಿಸಬೇಕೆಂದೂ ವಿಧಿಸುತ್ತದೆ. ಭಾರತ ಸರ್ಕಾರದ ಜಾಲತಾಣಗಳಿಗಾಗಿ 2009ರಲ್ಲಿ ಮೊದಲ ಬಾರಿಗೆ ಹೊರಬಂದ ಮಾರ್ಗಸೂಚಿಯ ಮೂರನೆಯ ಆವೃತ್ತಿ 2023ರಲ್ಲಿ ಪ್ರಕಟವಾಯಿತು. ಖಾಸಗಿ ಕಾಲೇಜು, ಪತ್ತಿನ ಸಹಕಾರ ಸಂಘ, ವಸತಿಗೃಹ ಅಥವಾ ವ್ಯಾಪಾರಿಯ ತಾಣಗಳಿಗೆ ಈ ಮಾರ್ಗಸೂಚಿ ಅನ್ವಯಿಸುವುದಿಲ್ಲವಾದರೂ ಪರಿಶೀಲನಾ ಪಟ್ಟಿಯಾಗಿ ಅದನ್ನು ಬಳಸಿಕೊಳ್ಳಬಹುದು.

ಸ್ಥಳನಾಮ ಮತ್ತು ಆಡಳಿತ ಗಡಿಗಳು

2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರುಗಳು ಬದಲಾದಾಗ ಬಿಜಾಪುರವು ವಿಜಯಪುರವಾಯಿತು. ಅಂದಿನಿಂದ ಈ ಜಿಲ್ಲೆಯ ಸಂಸ್ಥೆಗಳ ತಾಣಗಳಲ್ಲಿ ಎರಡೂ ಹೆಸರುಗಳು ಬೆರೆತು ಕಾಣಿಸಿಕೊಳ್ಳುತ್ತವೆ: ತಲೆಬರಹದಲ್ಲಿ ವಿಜಯಪುರ, ಅಡಿಬರಹದ ವಿಳಾಸದಲ್ಲಿ ಬಿಜಾಪುರ. ಹಳೆಯ ಹೆಸರನ್ನು ಯಾಂತ್ರಿಕವಾಗಿ ಎಲ್ಲೆಡೆ ಬದಲಿಸಿಬಿಡುವುದು ಸರಿಯಾದ ಪರಿಹಾರವಲ್ಲ. ಆದಿಲ್‌ಶಾಹಿ ಇತಿಹಾಸವನ್ನು ಹೇಳುವ ವಾಕ್ಯದಲ್ಲಿ, ನೋಂದಾಯಿತ ಸಂಘದ ಹೆಸರಿನಲ್ಲಿ ಅಥವಾ ಹಳೆಯ ಆದೇಶದ ಉಲ್ಲೇಖದಲ್ಲಿ ಬಿಜಾಪುರ ಎಂಬುದೇ ಉಳಿಯಬೇಕು. ವಿಧಾನಸಭಾ ಕ್ಷೇತ್ರದ ಹೆಸರು ಇಂದಿಗೂ ಬಿಜಾಪುರ ನಗರ ಎಂದೇ ಇದೆ. ಇದರ ಜೊತೆಗೆ ಛತ್ತೀಸಗಢದಲ್ಲಿ ಬಿಜಾಪುರ ಎಂಬ ಇನ್ನೊಂದು ಜಿಲ್ಲೆಯೂ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರ ಎಂಬ ಪಟ್ಟಣವೂ ಇವೆ. ಬಳ್ಳಾರಿಯಿಂದ ಬೇರ್ಪಟ್ಟು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಹೆಸರೂ ಕಿವಿಗೆ ಸಮೀಪವಾಗಿದೆ. ಆದುದರಿಂದ ಸಂಪರ್ಕ ಪುಟದಲ್ಲಿ ಒಮ್ಮೆಯಾದರೂ ‘ವಿಜಯಪುರ (ಹಿಂದಿನ ಬಿಜಾಪುರ) ಜಿಲ್ಲೆ, ಕರ್ನಾಟಕ’ ಎಂದು ಪೂರ್ಣವಾಗಿ ಬರೆಯುವುದರಿಂದ ಓದುಗನಿಗೂ ಶೋಧಯಂತ್ರಕ್ಕೂ ಗೊಂದಲ ತಪ್ಪುತ್ತದೆ.

ಇದಕ್ಕಿಂತ ತೊಡಕಿನದು ತಾಲ್ಲೂಕುಗಳ ವಿಭಜನೆ. ಮೊದಲು ಜಿಲ್ಲೆಯಲ್ಲಿ ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ ಐದು ತಾಲ್ಲೂಕುಗಳಿದ್ದವು. 2018ರಿಂದ ಈಚೆಗೆ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ, ವಿಜಯಪುರದಿಂದ ಬಬಲೇಶ್ವರ ಮತ್ತು ತಿಕೋಟಾ ಪ್ರತ್ಯೇಕ ತಾಲ್ಲೂಕುಗಳಾದವು. ಹೀಗೆ ತಾಲ್ಲೂಕುಗಳ ಸಂಖ್ಯೆ ಹದಿಮೂರಕ್ಕೆ ಏರಿತು. ಆಲಮಟ್ಟಿ ಅಣೆಕಟ್ಟು ‘ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದೆ’ ಎಂಬ ಹೇಳಿಕೆ ಒಂದು ಕಾಲದಲ್ಲಿ ನಿಜವಾಗಿತ್ತು. ಈಗ ಅದು ನಿಡಗುಂದಿ ತಾಲ್ಲೂಕಿಗೆ ಸೇರಿದೆ. 1565ರ ಯುದ್ಧದಿಂದ ಹೆಸರಾದ ತಾಳಿಕೋಟೆಯನ್ನು ಮುದ್ದೇಬಿಹಾಳ ತಾಲ್ಲೂಕಿನ ಊರೆಂದು ಪರಿಚಯಿಸುವ ಪ್ರವಾಸಿ ಪುಟಗಳಿಗೂ ಇದೇ ತಿದ್ದುಪಡಿ ಬೇಕು.

ಇಂತಹ ಪುಟದಲ್ಲಿ ಒಂದು ದೂರವಾಣಿ ಸಂಖ್ಯೆಯನ್ನಷ್ಟೇ ಬದಲಿಸಲು ಬಂದ ಕೆಲಸಗಾರನು ತಾಲ್ಲೂಕಿನ ಹೆಸರನ್ನೂ ಗಮನಿಸಿದರೆ ಅದು ನಿಜವಾದ ಉಪಕಾರ. ಪ್ರವೇಶ ಅರ್ಜಿಯ ನಮೂನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿರಬೇಕು. ತಾಲ್ಲೂಕನ್ನು ಆರಿಸುವ ಪಟ್ಟಿ ಹಳೆಯ ಐದು ಹೆಸರುಗಳಲ್ಲೇ ನಿಂತಿದ್ದರೆ ಚಡಚಣ ಅಥವಾ ಕೊಲ್ಹಾರದ ವಿದ್ಯಾರ್ಥಿಯು ತನ್ನ ಜಾತಿ–ಆದಾಯ ಪ್ರಮಾಣಪತ್ರದಲ್ಲಿರುವುದಕ್ಕಿಂತ ಭಿನ್ನವಾದ ತಾಲ್ಲೂಕನ್ನು ಆರಿಸಬೇಕಾಗುತ್ತದೆ. ಮುಂದೆ ದಾಖಲೆ ಪರಿಶೀಲನೆಯ ವೇಳೆ ಪ್ರಶ್ನೆ ಏಳುವುದು ಇಂತಹ ಅಂತರದಿಂದಲೇ.

ಅಂಕಿ–ಅಂಶಗಳ ಪರಿಷ್ಕರಣೆಯಲ್ಲಿ ವಿರುದ್ಧ ಬಗೆಯ ಅಪಾಯವಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 21,77,331. ಆ ಗಣತಿಯ ತಾಲ್ಲೂಕುವಾರು ಅಂಕಿಗಳು ಐದು ತಾಲ್ಲೂಕುಗಳ ಹಳೆಯ ಗಡಿಗಳಿಗೆ ಸೇರಿದವು. ಅಂದರೆ ‘ಇಂಡಿ ತಾಲ್ಲೂಕಿನ ಜನಸಂಖ್ಯೆ’ ಎಂದು ಆ ಪಟ್ಟಿಯಲ್ಲಿರುವ ಸಂಖ್ಯೆಯಲ್ಲಿ ಇಂದಿನ ಚಡಚಣವೂ ಅಡಗಿದೆ. ಗಡಿಯನ್ನು ಹೊಸದಾಗಿ ಬರೆದು ಸಂಖ್ಯೆಯನ್ನು ಹಾಗೆಯೇ ಬಿಟ್ಟರೆ ಎರಡು ಸರಿಯಾದ ಮಾಹಿತಿಗಳು ಸೇರಿ ಒಂದು ತಪ್ಪು ಮಾಹಿತಿಯಾಗುತ್ತದೆ. ಹಳ್ಳಿವಾರು ಅಂಕಿಗಳನ್ನು ಕೂಡಿಸಿ ಹೊಸ ಮೊತ್ತವನ್ನು ಕಂಡುಕೊಳ್ಳಬಹುದು. ಇಲ್ಲವೇ ‘2011ರ ಗಣತಿ, ಅವಿಭಜಿತ ತಾಲ್ಲೂಕು’ ಎಂದು ನಮೂದಿಸಬಹುದು. ಮುಂದಿನ ಜನಗಣತಿಗೆ ದೇಶದ ಬಹುಭಾಗದಲ್ಲಿ 2027ರ ಮಾರ್ಚ್ 1 ಅನ್ನು ಆಧಾರ ದಿನವಾಗಿ ನಿಗದಿಪಡಿಸಲಾಗಿರುವುದರಿಂದ ಹೊಸ ಅಂಕಿಗಳು ಬರುವವರೆಗೆ ವರ್ಷದ ಉಲ್ಲೇಖವಿಲ್ಲದ ಜನಸಂಖ್ಯೆಯನ್ನು ಪುಟದಲ್ಲಿ ಉಳಿಸಬಾರದು.

ವಿಧಾನಸಭಾ ಕ್ಷೇತ್ರಗಳನ್ನು ತಾಲ್ಲೂಕುಗಳೊಂದಿಗೆ ಒಂದಾಗಿ ಭಾವಿಸುವುದು ಮತ್ತೊಂದು ಸಾಮಾನ್ಯ ದೋಷ. ದೇವರ ಹಿಪ್ಪರಗಿ ಮತ್ತು ಬಬಲೇಶ್ವರ ತಾಲ್ಲೂಕುಗಳಾಗುವುದಕ್ಕೆ ಮೊದಲೇ, 2008ರ ಚುನಾವಣೆಯ ಹೊತ್ತಿಗೆ, ಕ್ಷೇತ್ರಗಳಾಗಿದ್ದವು. ಹಾಗೆಯೇ ಉತ್ತರ ಕರ್ನಾಟಕದ ಬಗ್ಗೆ ಪರಿಚಯವಿಲ್ಲದ ವಿನ್ಯಾಸಕರು ಸಿಂದಗಿಯನ್ನು ‘ಕಲ್ಯಾಣ ಕರ್ನಾಟಕ’ಕ್ಕೆ ಸೇರಿಸುವುದುಂಟು. ಸಿಂದಗಿಯು ಕಲಬುರಗಿ ಜಿಲ್ಲೆಯ ಮಗ್ಗುಲಲ್ಲಿದ್ದರೂ ವಿಜಯಪುರ ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರಿದ್ದು, ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇಲ್ಲಿಗೆ ಅನ್ವಯಿಸುವುದಿಲ್ಲ. ಕಾಲೇಜಿನ ಪ್ರವೇಶ ಪುಟದಲ್ಲಿ ಈ ತಪ್ಪು ನುಸುಳಿದರೆ ಅದರ ಪರಿಣಾಮವನ್ನು ಅನುಭವಿಸುವವರು ವಿದ್ಯಾರ್ಥಿಗಳು.

‘ತಲುಪುವುದು ಹೇಗೆ’ ಎಂಬ ಪುಟ

ಬಹುತೇಕ ತಾಣಗಳಲ್ಲಿ ಒಮ್ಮೆ ಬರೆದು ಮರೆತುಬಿಡುವ ಪುಟವಿದು. ರಾಷ್ಟ್ರೀಯ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆಗಳನ್ನು ನೀಡಲಾಯಿತು. ಸಿಂದಗಿಯ ಮೂಲಕ ಹಾದುಹೋಗುವ ಹಳೆಯ 218ನೇ ಹೆದ್ದಾರಿ ಈಗ 50ನೇ ಹೆದ್ದಾರಿಯ ಭಾಗ. ಸೊಲ್ಲಾಪುರದಿಂದ ವಿಜಯಪುರದ ಮೂಲಕ ದಕ್ಷಿಣಕ್ಕೆ ಹೋಗುತ್ತಿದ್ದ ಹಳೆಯ 13ನೇ ಹೆದ್ದಾರಿಯು ಬೇರೆ ಬೇರೆ ಸಂಖ್ಯೆಗಳಲ್ಲಿ ಹಂಚಿಹೋಗಿದೆ. ರಸ್ತೆಬದಿಯ ಫಲಕಗಳಲ್ಲಿ ಕಾಣದ ಸಂಖ್ಯೆಯನ್ನು ತಾಣದಲ್ಲಿ ನೀಡಿದರೆ ಪ್ರಯಾಣಿಕನಿಗೆ ಪ್ರಯೋಜನವಿಲ್ಲ.

ರೈಲಿನ ವಿಷಯದಲ್ಲಿ ‘ರಸ್ತೆ’ ಎಂಬ ಪದಕ್ಕೆ ವಿಶೇಷ ಅರ್ಥವಿದೆ. ಇಂಡಿ ರಸ್ತೆ, ಬಸವನ ಬಾಗೇವಾಡಿ ರಸ್ತೆ ಎಂಬ ನಿಲ್ದಾಣಗಳು ಆಯಾ ಪಟ್ಟಣದ ಒಳಗಿಲ್ಲ. ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಇಳಿಯಬೇಕಾದ ನಿಲ್ದಾಣಗಳು ಎಂಬುದನ್ನು ಆ ಪದ ಸೂಚಿಸುತ್ತದೆ. ಬಸವಣ್ಣನವರ ಜನ್ಮಸ್ಥಳವನ್ನು ನೋಡಲು ಹೊರರಾಜ್ಯಗಳಿಂದ ಬರುವವರಿಗೆ ಇದು ತಿಳಿದಿರುವುದಿಲ್ಲ. ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗಂತೂ ರೈಲು ಮಾರ್ಗವಿಲ್ಲ. ವಸತಿಗೃಹದ ತಾಣದಲ್ಲಿ ಕೋಣೆಯ ದರವನ್ನು ತಿದ್ದುವಾಗ ನಿಲ್ದಾಣದಿಂದ ಪಟ್ಟಣಕ್ಕೆ ಬರುವ ಬಗೆಯನ್ನು ಎರಡು ಸಾಲಿನಲ್ಲಿ ಸೇರಿಸುವುದು ಹತ್ತು ಹೊಳೆಯುವ ಚಿತ್ರಗಳಿಗಿಂತ ಹೆಚ್ಚು ಉಪಯುಕ್ತ.

ಕನ್ನಡ ಪಠ್ಯ

ಕನ್ನಡ ತಾಣಗಳ ಪರಿಷ್ಕರಣೆಯಲ್ಲಿ ಎದುರಾಗುವ ಅತಿ ದೊಡ್ಡ ಕೆಲಸ ಅಕ್ಷರ ಸಂಕೇತಕ್ಕೆ ಸಂಬಂಧಿಸಿದ್ದು. ಕನ್ನಡ ಲಿಪಿಯು 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿದೆ. ಆದರೂ ಕಚೇರಿಗಳಲ್ಲಿ ದೀರ್ಘಕಾಲ ನುಡಿ, ಬರಹ ಮುಂತಾದ ತಂತ್ರಾಂಶಗಳ ಯೂನಿಕೋಡ್‌ಪೂರ್ವ ಅಕ್ಷರಶೈಲಿಗಳೇ ಬಳಕೆಯಲ್ಲಿದ್ದವು. ಇವುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿರುತ್ತದೆ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಇಡೀ ಸುತ್ತೋಲೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣಿಸುತ್ತದೆ. ಇದರಿಂದ ಪಾರಾಗಲು ಅನೇಕರು ಕನ್ನಡ ಪಠ್ಯವನ್ನು ಚಿತ್ರವಾಗಿ ಅಥವಾ ಕಾಗದವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಕಡತವಾಗಿ ಏರಿಸತೊಡಗಿದರು. ಕಣ್ಣಿಗೆ ಸರಿಯಾಗಿ ಕಂಡರೂ ಅಂತಹ ಪಠ್ಯವು ಶೋಧಯಂತ್ರಕ್ಕೆ ಸುಲಭವಾಗಿ ಸಿಗುವುದಿಲ್ಲ, ಪರದೆ ಓದುವ ತಂತ್ರಾಂಶಕ್ಕೆ ದಕ್ಕುವುದಿಲ್ಲ, ಚಿಕ್ಕ ಮೊಬೈಲ್ ಪರದೆಯಲ್ಲಿ ಹಿಗ್ಗಿಸಿದಾಗ ಸಾಲು ಮುರಿದು ಹೊಂದಿಕೊಳ್ಳುವುದೂ ಇಲ್ಲ.

ಗ್ರಾಹಕರು ಹೊಸ ಪ್ರಕಟಣೆಯನ್ನು ಇಂತಹ ಕಡತದಲ್ಲಿ ಕಳುಹಿಸಿದಾಗ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ ಪುಟದಲ್ಲೇ ಪಠ್ಯವಾಗಿ ಹಾಕಿ, ಸಹಿ–ಮೊಹರು ಇರುವ ಮೂಲ ಪಿಡಿಎಫ್ ಅನ್ನು ಕೊಂಡಿಯಾಗಿ ನೀಡುವುದು ಉತ್ತಮ ಕ್ರಮ. ಪರಿವರ್ತಕಗಳು ಎಲ್ಲವನ್ನೂ ಸರಿಯಾಗಿ ತಿರುಗಿಸುವುದಿಲ್ಲ. ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳು ಮುಖ್ಯವಾಗಿ ಕೈಕೊಡುವ ಜಾಗಗಳು. ಮೂಲ ಕಡತದಲ್ಲಿ ಬೆರೆತಿರುವ ಇಂಗ್ಲಿಷ್ ಪದಗಳು ಕನ್ನಡ ಅಕ್ಷರಗಳ ಗೋಜಲಾಗಿ ಮಾರ್ಪಡುತ್ತವೆ. ಆದುದರಿಂದ ಪರಿವರ್ತಿಸಿದ ಪಠ್ಯವನ್ನು ಮೂಲದೊಂದಿಗೆ ಸಾಲುಸಾಲಾಗಿ ಓದಿ ನೋಡುವುದು ಅನಿವಾರ್ಯ. ಶುಲ್ಕದ ಮೊತ್ತದಲ್ಲಿ ಒಂದು ಅಂಕಿ ತಪ್ಪಿದರೆ ಅದಕ್ಕೆ ಯಂತ್ರವನ್ನು ಹೊಣೆ ಮಾಡಲಾಗದು.

ಕಾಗುಣಿತದ ಏಕರೂಪತೆಯೂ ಇಲ್ಲಿ ಬರುತ್ತದೆ. ಬಸವನ ಬಾಗೇವಾಡಿ, ಬಸವನಬಾಗೇವಾಡಿ, ಬಸವನ ಬಾಗೆವಾಡಿ; ತಾಳಿಕೋಟೆ, ತಾಳಿಕೋಟಿ; ದೇವರ ಹಿಪ್ಪರಗಿ, ದೇವರಹಿಪ್ಪರಗಿ: ಇವೆಲ್ಲ ಓದುಗನಿಗೆ ಒಂದೇ ಆದರೂ ಗಣಕಕ್ಕೆ ಬೇರೆ ಬೇರೆ ಪದಗಳು. ‘ರಾಜ್‌ಕುಮಾರ್’ ಎಂಬಂತಹ ಪದಗಳಲ್ಲಿ ಕಣ್ಣಿಗೆ ಕಾಣದ ವಿಭಜಕ ಸಂಕೇತವೂ ಇರುತ್ತದೆ. ಒಂದು ಕಡೆ ಅದಿದ್ದು ಇನ್ನೊಂದು ಕಡೆ ಇಲ್ಲವಾದರೆ ತಾಣದ ಒಳಗಿನ ಹುಡುಕಾಟ ವಿಫಲವಾಗಬಹುದು. ಒಂದು ರೂಪವನ್ನು ಆರಿಸಿಕೊಂಡು ತಾಣದುದ್ದಕ್ಕೂ ಅದನ್ನೇ ಬಳಸಬೇಕು, ಉಳಿದ ರೂಪಗಳನ್ನು ಪರಿಚಯ ಪುಟದಲ್ಲಿ ಒಮ್ಮೆ ಉಲ್ಲೇಖಿಸಬೇಕು. ಪುಟದ ಸಂಕೇತದಲ್ಲಿ ಭಾಷೆಯನ್ನು ಕನ್ನಡವೆಂದು ನಮೂದಿಸುವುದು ಅರ್ಧ ನಿಮಿಷದ ಕೆಲಸ. ಬಹಳಷ್ಟು ಕನ್ನಡ ತಾಣಗಳು ಸಿದ್ಧ ವಿನ್ಯಾಸದಿಂದ ಬಂದ ‘ಇಂಗ್ಲಿಷ್’ ಎಂಬ ನಮೂದನ್ನೇ ಹೊತ್ತುಕೊಂಡಿರುತ್ತವೆ.

ದಿನಾಂಕಗಳು

‘ಈ ವರ್ಷ’, ‘ಮುಂದಿನ ತಿಂಗಳು’, ‘ಇತ್ತೀಚೆಗೆ’ ಎಂಬ ಪದಗಳು ಜಾಲಪುಟದಲ್ಲಿ ಬೇಗನೆ ಸುಳ್ಳಾಗುತ್ತವೆ. ಬಸವ ಜಯಂತಿಯು ವೈಶಾಖ ಶುದ್ಧ ತದಿಗೆಯಂದು ಬರುವುದರಿಂದ ಇಂಗ್ಲಿಷ್ ತಾರೀಖು ಪ್ರತಿ ವರ್ಷ ಬದಲಾಗುತ್ತದೆ. ತಿಥಿಯನ್ನು ಶಾಶ್ವತ ಪುಟದಲ್ಲಿಯೂ ತಾರೀಖನ್ನು ವರ್ಷಸಹಿತ ಪ್ರಕಟಣೆಯಲ್ಲಿಯೂ ಇಟ್ಟರೆ ಎರಡೂ ಸುರಕ್ಷಿತ. ಮುಗಿದುಹೋದ ಅರ್ಜಿ ಆಹ್ವಾನಗಳನ್ನು ಅಳಿಸುವ ಬದಲು ‘ಅವಧಿ ಮುಗಿದಿದೆ’ ಎಂದು ಗುರುತಿಸಿ ಹಳೆಯ ಪ್ರಕಟಣೆಗಳ ಪುಟಕ್ಕೆ ಸರಿಸುವುದು ಒಳ್ಳೆಯದು. ಹಳೆಯ ಆಹ್ವಾನವೇ ಮುಂದಿನ ವರ್ಷದ ಅಭ್ಯರ್ಥಿಗೆ ಬೇಕಾಗುವ ದಾಖಲೆಗಳ ಅಂದಾಜು ಕೊಡುತ್ತದೆ.

ಕೆಲವು ತಾಣಗಳಲ್ಲಿ ‘ಕೊನೆಯ ಪರಿಷ್ಕರಣೆ’ ಎಂಬಲ್ಲಿ ಪ್ರತಿದಿನ ಅಂದಿನ ದಿನಾಂಕವೇ ತಾನಾಗಿ ಮೂಡುವಂತೆ ಸಂಕೇತ ಬರೆದಿರುತ್ತಾರೆ. ಇದು ಓದುಗನಿಗೆ ಮಾಡುವ ವಂಚನೆಯೇ ಸರಿ. ಪುಟವನ್ನು ನಿಜವಾಗಿ ತಿದ್ದಿದ ದಿನಾಂಕವನ್ನೇ ಅಲ್ಲಿ ತೋರಿಸಬೇಕು. ವರ್ಷಗಟ್ಟಲೆ ಮಿನುಗುತ್ತಿರುವ ‘ಹೊಸದು’ ಎಂಬ ಗುರುತನ್ನು ತೆಗೆಯುವುದೂ ಪರಿಷ್ಕರಣೆಯ ಭಾಗ.

ಕೊಂಡಿಗಳು

ವಿಶ್ವವ್ಯಾಪಿ ಜಾಲದ ಜನಕ ಟಿಮ್ ಬರ್ನರ್ಸ್–ಲೀ 1998ರಲ್ಲೇ ಪುಟದ ವಿಳಾಸವನ್ನು ಬದಲಿಸಬಾರದೆಂದು ವಾದಿಸಿ ಲೇಖನ ಬರೆದಿದ್ದರು. ತಾಣವನ್ನು ಹೊಸ ವಿನ್ಯಾಸಕ್ಕೆ ತರುವಾಗ ಈ ಮಾತನ್ನು ಮರೆಯುವುದೇ ಹೆಚ್ಚು. ವಿಳಾಸ ಬದಲಾಗಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ಶಾಶ್ವತ ಮರುನಿರ್ದೇಶನ ಕೊಡಬೇಕು. ತಾಂತ್ರಿಕವಾಗಿ ಇದರ ಸೂಚಕ ಸಂಖ್ಯೆ 301. ಹೊರಗಿನ ಕೊಂಡಿಗಳಲ್ಲಿ ವಿಶ್ವವಿದ್ಯಾಲಯಗಳದ್ದು ಗಮನಾರ್ಹ. ಹಿಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಈ ಭಾಗದ ಪದವಿ ಕಾಲೇಜುಗಳು 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಅದರ ವ್ಯಾಪ್ತಿಗೆ ಬಂದವು. ಫಲಿತಾಂಶದ ಕೊಂಡಿ ಧಾರವಾಡಕ್ಕೂ ಸಂಯೋಜನೆಯ ವಿವರ ಬೆಳಗಾವಿಗೂ ಒಯ್ಯುವ ಪುಟವನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡುವುದಿಲ್ಲ. ತುಂಡುತುಂಡಾಗಿ ತಿದ್ದಿದಾಗ ಅದು ತಾನಾಗಿ ಉಂಟಾಗುತ್ತದೆ. ಕಳೆದುಹೋದ ಪುಟದ ಹಳೆಯ ಪಠ್ಯ ಬೇಕಾದಾಗ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಬಹುದು.

ದೃಷ್ಟಿದೋಷವುಳ್ಳವರ ಬಳಕೆ

ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಪ್ರಕಟಿಸುವ ಪ್ರವೇಶಸಾಧ್ಯತೆಯ ಮಾರ್ಗಸೂಚಿಗಳ 2.0 ಆವೃತ್ತಿ 2008ರಲ್ಲಿಯೂ 2.2 ಆವೃತ್ತಿ 2023ರಲ್ಲಿಯೂ ಬಂದವು. ಅವುಗಳ ಒಂದು ಮೂಲ ನಿಯಮವೆಂದರೆ ಪ್ರತಿಯೊಂದು ಅರ್ಥಪೂರ್ಣ ಚಿತ್ರಕ್ಕೂ ಬದಲಿ ಪಠ್ಯ ಇರಬೇಕು. ಉಚಿತವಾಗಿ ದೊರೆಯುವ ಎನ್‌ವಿಡಿಎ ಎಂಬ ಪರದೆ ಓದುಗ ತಂತ್ರಾಂಶವು ಕನ್ನಡವನ್ನೂ ಓದಬಲ್ಲದು; ಆದರೆ ಓದಲು ಅಲ್ಲಿ ಪಠ್ಯವಿರಬೇಕು. ‘ಇಲ್ಲಿ ಒತ್ತಿ’ ಎಂಬ ಹತ್ತು ಕೊಂಡಿಗಳಿರುವ ಪುಟದಲ್ಲಿ ಕೊಂಡಿಗಳನ್ನಷ್ಟೇ ಕೇಳಿಸಿಕೊಳ್ಳುವ ವಿದ್ಯಾರ್ಥಿಗೆ ಯಾವುದು ಎಲ್ಲಿಗೆ ಒಯ್ಯುತ್ತದೆ ಎಂಬುದೇ ತಿಳಿಯದು. ‘ವಿದ್ಯಾರ್ಥಿವೇತನದ ಅರ್ಜಿ’ ಎಂದು ಬರೆದರೆ ತಿಳಿಯುತ್ತದೆ. ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಮಾಹಿತಿ ತಂತ್ರಜ್ಞಾನದ ಸೌಲಭ್ಯಗಳನ್ನೂ ಒಳಗೊಳ್ಳುತ್ತದೆ. 2025ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಪರಿಗಣಿಸಿತು.

ಖಾಸಗಿ ವಿವರಗಳು

ಮಾಹಿತಿಯನ್ನು ಸೇರಿಸುವುದು ಮಾತ್ರ ಮೌಲ್ಯವರ್ಧನೆಯಲ್ಲ, ತೆಗೆಯುವುದೂ ಹೌದು. ಆಯ್ಕೆ ಪಟ್ಟಿ, ಫಲಾನುಭವಿಗಳ ಪಟ್ಟಿ, ಸಂಘದ ಸದಸ್ಯರ ಪಟ್ಟಿಗಳನ್ನು ಕಚೇರಿಯ ಕಡತದಿಂದ ನೇರವಾಗಿ ಏರಿಸಿದಾಗ ದೂರವಾಣಿ, ಬ್ಯಾಂಕ್ ಖಾತೆ ಮತ್ತು ಆಧಾರ್ ಸಂಖ್ಯೆಗಳ ಕಂಬಸಾಲುಗಳೂ ಜೊತೆಗೆ ಹೋಗಿಬಿಡುತ್ತವೆ. ಆಧಾರ್ ಅಧಿನಿಯಮ, 2016ರ 29ನೇ ಪ್ರಕರಣವು ಆಧಾರ್ ಸಂಖ್ಯೆಯ ಸಾರ್ವಜನಿಕ ಪ್ರಕಟಣೆಯನ್ನು ನಿರ್ಬಂಧಿಸುತ್ತದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಬಂದಿದೆ. ಇಂತಹ ಪಟ್ಟಿಯೊಂದು ಕಣ್ಣಿಗೆ ಬಿದ್ದರೆ, ತನಗೆ ಒಪ್ಪಿಸಿದ್ದು ಬೇರೆ ಪುಟವೆಂದು ಕೆಲಸಗಾರನು ಸುಮ್ಮನಿರಬಾರದು. ಗ್ರಾಹಕರಿಗೆ ಕೂಡಲೇ ತಿಳಿಸಿ, ಕಡತವನ್ನು ತೆಗೆಸಿ, ಅಗತ್ಯ ಕಂಬಸಾಲುಗಳಷ್ಟೇ ಇರುವ ಪ್ರತಿಯನ್ನು ಹಾಕಿಸಬೇಕು. ಪುಟದಿಂದ ಕೊಂಡಿಯನ್ನು ಅಳಿಸಿದರೆ ಸಾಲದು; ಕಡತ ಸರ್ವರ್‌ನಲ್ಲಿ ಉಳಿದಿದ್ದರೆ ಶೋಧಯಂತ್ರದ ಮೂಲಕ ಅದು ಮತ್ತೆ ತೆರೆದುಕೊಳ್ಳುತ್ತದೆ.

ವ್ಯಾಪಾರಿ ತಾಣಗಳು: ಇಂಡಿ ಲಿಂಬೆಯ ನಿದರ್ಶನ

ಇಂಡಿ ಭಾಗದ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಂತಹ ಬೆಳವಣಿಗೆಯ ನಂತರ ವ್ಯಾಪಾರಿಯು ತನ್ನ ತಾಣಕ್ಕೆ ‘ಭೌಗೋಳಿಕ ಸೂಚಕ ಪಡೆದ ಲಿಂಬೆ’ ಎಂಬ ಸಾಲನ್ನು ಸೇರಿಸಲು ಕೇಳುವುದು ಸಹಜ. 1999ರ ಭೌಗೋಳಿಕ ಸೂಚಕಗಳ ಅಧಿನಿಯಮದಂತೆ ಸೂಚಕದ ನೋಂದಣಿಯು ಒಬ್ಬ ವ್ಯಾಪಾರಿಯ ಸ್ವತ್ತಲ್ಲ. ಅದನ್ನು ತನ್ನ ಸರಕಿನ ಮೇಲೆ ಬಳಸುವ ಹಕ್ಕು ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಂಡವರಿಗೆ ಇರುತ್ತದೆ. ಗ್ರಾಹಕರು ಹಾಗೆ ನೋಂದಾಯಿಸಿಕೊಂಡಿದ್ದಾರೆಯೇ ಎಂದು ಕೇಳಿ ತಿಳಿದ ಮೇಲೆ ಚಿಹ್ನೆಯನ್ನು ಹಾಕುವುದು ಸರಿಯಾದ ಮಾರ್ಗ. ನೋಂದಣಿ ಇಲ್ಲದಿದ್ದರೆ ಇಂಡಿ ಲಿಂಬೆಯ ಮಾನ್ಯತೆಯ ಬಗ್ಗೆ ಮಾಹಿತಿ ಪುಟವನ್ನು ಬರೆಯಬಹುದು. ಚಿಹ್ನೆಯನ್ನು ಬೆಲೆಪಟ್ಟಿಯ ಪಕ್ಕದಲ್ಲಿ ಇಡಬಾರದು. ಕೇಳಿದ್ದನ್ನು ಹಾಗೆಯೇ ಹಾಕಿಕೊಟ್ಟವರಿಗಿಂತ ಈ ಒಂದು ಪ್ರಶ್ನೆಯನ್ನು ಕೇಳಿದವರಿಂದ ಗ್ರಾಹಕರಿಗೆ ಹೆಚ್ಚಿನ ಲಾಭ.

ಬೆಲೆಯ ವಿಷಯದಲ್ಲಿ ಸರಳ ನಿಯಮ ಸಾಕು: ದಿನವೂ ಏರಿಳಿಯುವ ಧಾರಣೆಯನ್ನು ದಿನವೂ ತಿದ್ದುವವರಿಲ್ಲದಿದ್ದರೆ ತಾಣದಲ್ಲಿ ಹಾಕಲೇಬಾರದು. ವ್ಯವಹಾರದ ವೇಳೆ, ವಾರದ ರಜೆ, ತೂಕದ ಕನಿಷ್ಠ ಪ್ರಮಾಣ, ಮೊಬೈಲ್‌ನಲ್ಲಿ ಒತ್ತಿದೊಡನೆ ಕರೆ ಹೋಗುವ ಸಂಖ್ಯೆ ಇವಿಷ್ಟಿದ್ದರೆ ಖರೀದಿದಾರನಿಗೆ ಬೇಕಾದ ಬಹುಪಾಲು ಸಿಕ್ಕಂತೆ.

ಗ್ರಾಹಕರೊಂದಿಗಿನ ವ್ಯವಹಾರ

ಕೇಳದೆ ಮಾಡಿದ ತಿದ್ದುಪಡಿ ಎಲ್ಲವೂ ಸ್ವಾಗತಾರ್ಹವಲ್ಲ. ಮುರಿದ ಕೊಂಡಿ, ಸ್ಪಷ್ಟವಾದ ಕಾಗುಣಿತ ದೋಷ, ಚಿತ್ರದ ಅತಿಯಾದ ಗಾತ್ರ ಇವುಗಳನ್ನು ಸರಿಪಡಿಸಿ ನಂತರ ತಿಳಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ಹೆಸರು, ಹುದ್ದೆ, ಶುಲ್ಕ, ದಿನಾಂಕ, ನಿಯಮಾವಳಿಯ ಭಾಷೆ ಇವುಗಳನ್ನು ಲಿಖಿತ ಒಪ್ಪಿಗೆಯಿಲ್ಲದೆ ಮುಟ್ಟಬಾರದು, ಅವು ಎಷ್ಟೇ ತಪ್ಪಾಗಿ ಕಂಡರೂ. ಮಠ, ಟ್ರಸ್ಟ್ ಅಥವಾ ಸಂಘದ ತಾಣದಲ್ಲಿ ಪದಾಧಿಕಾರಿಗಳ ಹೆಸರಿನ ಅನುಕ್ರಮವೂ ಸೂಕ್ಷ್ಮ ವಿಷಯವೆಂಬುದನ್ನು ಈ ಕೆಲಸ ಮಾಡಿದವರೆಲ್ಲ ಬಲ್ಲರು.

ಪ್ರತಿ ಪರಿಷ್ಕರಣೆಗೆ ಮೊದಲು ತಾಣದ ನಕಲನ್ನು ತೆಗೆದಿಟ್ಟುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಯಾವ ಪುಟದಲ್ಲಿ ಏನು ಬದಲಾಯಿತು, ಕೇಳದೆ ಸರಿಪಡಿಸಿದ್ದು ಯಾವುದು, ಗ್ರಾಹಕರ ತೀರ್ಮಾನಕ್ಕಾಗಿ ಬಿಟ್ಟಿದ್ದು ಯಾವುದು ಎಂಬುದನ್ನು ಒಂದು ಪುಟದ ಟಿಪ್ಪಣಿಯಲ್ಲಿ ಬರೆದು ಕೊಡುವ ರೂಢಿ ಉಪಯುಕ್ತವಾದದ್ದು. ಆ ಟಿಪ್ಪಣಿಯಲ್ಲಿ ಡೊಮೇನ್ ಹೆಸರಿನ ನವೀಕರಣದ ದಿನಾಂಕವನ್ನೂ ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ಅವಧಿಯನ್ನೂ ನಮೂದಿಸಬೇಕು. ಡೊಮೇನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದು ಸಣ್ಣ ಸಂಸ್ಥೆಗಳಲ್ಲಿ ಬಹುಕಾಲ ಯಾರೂ ಕೇಳದ ಪ್ರಶ್ನೆ. ಅದು ಮೊದಲ ವಿನ್ಯಾಸಕನ ವೈಯಕ್ತಿಕ ಹೆಸರಿನಲ್ಲಿದ್ದು ಆತನು ಊರು ಬಿಟ್ಟು ಹೋಗಿದ್ದರೆ, ನವೀಕರಣ ತಪ್ಪಿದ ದಿನ ವರ್ಷಗಳ ಕಡತಗಳೊಂದಿಗೆ ಸಂಸ್ಥೆಯ ವಿಳಾಸವೇ ಕೈತಪ್ಪುತ್ತದೆ. ನೋಂದಣಿಯನ್ನು ಸಂಸ್ಥೆಯ ಹೆಸರಿಗೂ, ಸಂಪರ್ಕ ಮಿಂಚಂಚೆಯನ್ನು ಹುದ್ದೆಯ ಹೆಸರಿನ ಖಾತೆಗೂ ವರ್ಗಾಯಿಸುವಂತೆ ಸೂಚಿಸಿ, ಅದು ನೆರವೇರಿದ ದಿನಾಂಕವನ್ನು ಮುಂದಿನ ಟಿಪ್ಪಣಿಯಲ್ಲಿ ದಾಖಲಿಸಬೇಕು.